ಮೊರಿವಾಕಿ-ಸಾನ್ ಮನೆಯ ಜರ್ಮನ್ ರಿಬ್ಬನ್

ನರಿತಾ

ನಾನು ಹುಟ್ಟಾ ಪುಕ್ಕಲಿ. ಲಿಫ್ಟಿನಲ್ಲಿ ಒಬ್ಬಳೇ ಹತ್ತುವುದಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ವಾಪಸ್ಸು ಓಡುತ್ತೇನೆ. ಇಂಥವಳು, ಟಿವಿಯಲ್ಲಿ ಕೊರೊನಾ ಎಂಬ ಮಾತು ಆಗಷ್ಟೇ ಶುರುವಾಗಿದ್ದ ಆ ಫೆಬ್ರವರಿಯಲ್ಲಿ ಜಪಾನಿಗೆ ಹೊರಟೆನೆಂದರೆ ಅದಕ್ಕೆ ಎರಡೇ ಕಾರಣ. ಒಂದು, ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ ಸಂಸಾರ ಹೂಡಿರುವ ನನ್ನ ತಂಗಿ ವೀಣಾ. ಇನ್ನೊಂದು, ನನ್ನ ರಿಬ್ಬನ್ ಹುಚ್ಚು.

ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ನಮ್ಮದು ಲೇಸು, ಗುಂಡಿ, ರಿಬ್ಬನ್ನು ಮಾರುವ ಅಂಗಡಿ. ವರ್ಷಗಳ ಹಿಂದೆ ಗಿರಾಕಿಯೊಬ್ಬರು ಬೆರಳುದ್ದದ ಒಂದು ಪಟ್ಟಿ ತಂದು, ಇದರಲ್ಲೊಂದು ರಿಬ್ಬನ್ ಹರಿದಿದೆ, ಇದೇ ಬಣ್ಣದ್ದು ಸಿಗುತ್ತದೆಯೇ ಎಂದು ಕೇಳಿದರು. ಯಾವುದೋ ಕಾಲದ ಜರ್ಮನ್ ಸೈನಿಕನದಂತೆ. ಸೈನಿಕರು ದಿನಾ ಪದಕಗಳನ್ನು ತೂಗುಹಾಕಿಕೊಂಡು ಓಡಾಡುವುದಿಲ್ಲ. ಪ್ರತಿ ಪದಕದ ರಿಬ್ಬನ್ನಿನಿಂದ ಒಂದೊಂದು ತುಂಡು ತೆಗೆದು, ತಗಡಿನ ಮೇಲೆ ಸಾಲಾಗಿ ಹೊಲಿಸಿ, ಎದೆಗೆ ಚುಚ್ಚಿಕೊಳ್ಳುತ್ತಾರೆ. ಆ ಸಾಲಿಗೆ ಕ್ರಮವಿದೆ. ಯಾವ ಬಣ್ಣ ಮೊದಲು, ಯಾವುದು ಆಮೇಲೆ ಎಂದು ನೋಡಿದರೆ ಆ ಮನುಷ್ಯ ಯಾವ ಸೀಮೆಯವನು, ಯಾವ ಯುದ್ಧಕ್ಕೆ ಹೋಗಿದ್ದ ಎಂದು ಹೇಳಿಬಿಡಬಹುದು. ಗಿರಾಕಿಗೆ ರಿಬ್ಬನ್ ಸಿಗಲಿಲ್ಲ, ನನಗೆ ಹುಚ್ಚು ಹತ್ತಿತು. ಹಿಟ್ಲರನ ಕಾಲದವನ್ನು ನಾನು ಮುಟ್ಟುವುದಿಲ್ಲ, ಮನೆಯಲ್ಲಿಟ್ಟುಕೊಂಡರೆ ನಿದ್ದೆ ಹತ್ತುವುದಿಲ್ಲ. ಅದಕ್ಕೂ ಹಿಂದಿನ, ಚಕ್ರವರ್ತಿಯ ಕಾಲದವು ಮಾತ್ರ. ನಮ್ಮ ಮನೆಯವರು ಅವನ್ನು 'ನಿನ್ನ ಚಿಂದಿ' ಎನ್ನುತ್ತಾರೆ.

ನರಿತಾ ವಿಮಾನ ನಿಲ್ದಾಣದಲ್ಲಿ ಎಲ್ಲರ ಮುಖಕ್ಕೂ ಬಿಳಿ ಮಾಸ್ಕು. ಜ್ವರ ಅಳೆಯುವ ಕ್ಯಾಮೆರಾದ ಮುಂದೆ ನಡೆಯುವಾಗ ಹೆದರಿಕೆಗೇ ಮೈ ಬಿಸಿಯಾಗಿ ಸಿಕ್ಕಿಬೀಳುತ್ತೇನೇನೋ ಎಂದುಕೊಂಡೆ. ಅದನ್ನು ದಾಟಿದರೆ ಕಸ್ಟಮ್ಸಿನ ಹುಡುಗಿ ನನ್ನ ತಗಡಿನ ಡಬ್ಬಿ ತೆಗೆಸಿದಳು. ಒಳಗೆ ನಾನು ಬೇರೆ ಸಂಗ್ರಾಹಕರ ಜೊತೆ ಅದಲುಬದಲು ಮಾಡಿಕೊಳ್ಳಲು ತಂದಿದ್ದ ಪಟ್ಟಿಗಳು. "ರಿಬ್ಬನ್, ರಿಬ್ಬನ್" ಎನ್ನುವುದು ಬಿಟ್ಟು ನನಗೆ ಬೇರೆ ಮಾತು ಹೊರಡಲಿಲ್ಲ. ಆಕೆ ಒಂದೊಂದನ್ನೇ ತೆಗೆದು ನೋಡಿ, ಯಾವುದು ಎಲ್ಲಿತ್ತೋ ಅಲ್ಲಿಗೇ ಎರಡೂ ಕೈಯಿಂದ ವಾಪಸ್ಸಿಟ್ಟು, ತಲೆಬಾಗಿ ಡಬ್ಬಿ ಕೊಟ್ಟಳು. ನಮ್ಮೂರಿನಲ್ಲಾಗಿದ್ದರೆ ಮುಚ್ಚಳವನ್ನೂ ನಾನೇ ಹುಡುಕಿಕೊಳ್ಳಬೇಕಿತ್ತು.

ಗ್ಯೋಟೋಕು

ನಾನು ನೋಡಬೇಕೆಂದು ಬಂದಿದ್ದ ಹಳೆ ಸಾಮಾನಿನ ಸಂತೆ ರದ್ದಾಯಿತು. ಆಮೇಲೆ ಶಾಲೆಗಳು ಮುಚ್ಚಿದವು. ಆಮೇಲೆ ಅಂಗಡಿಗಳಿಂದ ಟಾಯ್ಲೆಟ್ ಪೇಪರ್ ಮಾಯವಾಯಿತು. ನೀರು ಬಳಸುವ ನಾವು ಅದಕ್ಕೇನೂ ಹೆದರಬೇಕಾಗಿರಲಿಲ್ಲ, ಆದರೂ ಎಲ್ಲರೂ ಹೆದರಿ ಓಡುತ್ತಿದ್ದರೆ ನನ್ನ ಕಾಲು ಸುಮ್ಮನಿರುತ್ತದೆಯೇ? ಕೊಂಬಿನಿ ಎನ್ನುವ ಬೀದಿಯಂಗಡಿಯ ಮುಂದಿನ ಸಾಲಿನಲ್ಲಿ ನಿಂತು ಒಂದು ಕಟ್ಟು ಹೊತ್ತು ತಂದೆ. ವೀಣಾಳ ಗಂಡ ಪ್ರಕಾಶ ನಕ್ಕ.

ಕೊನೆಗೆ ಇಂಡಿಯಾಕ್ಕೆ ಹೋಗುವ ವಿಮಾನಗಳೇ ನಿಂತವು. ಮನೆಯವರು ಫೋನಿನಲ್ಲಿ, "ಅಲ್ಲೇ ಇರು, ಇಲ್ಲಿ ಎಲ್ಲಾ ಬಾಲ್ಕನೀಲಿ ತಟ್ಟೆ ಬಡೀತಿದಾರೆ" ಎಂದರು. ಅವರ ದನಿ ಧೈರ್ಯವಾಗಿತ್ತು. ಧೈರ್ಯವಾಗಿದೆಯಲ್ಲ ಎಂದೇ ನನಗೆ ಇನ್ನಷ್ಟು ಭಯವಾಯಿತು.

ನನ್ನ ಮುಖ ನೋಡಲಾರದೆ ವೀಣಾ ಒಂದು ಉಪಾಯ ಹುಡುಕಿದಳು. ಅವಳಿಗೆ ಜಪಾನಿ ಕಲಿಸುವ ಮೇಷ್ಟ್ರೊಬ್ಬರಿದ್ದರು, ಮೊರಿವಾಕಿ-ಸಾನ್. ವೀಣಾಳ ಬಾಯಲ್ಲಿ ಸೆನ್ಸೇ, ಅಂದರೆ ಗುರುಗಳು. ಎಂಬತ್ತು ದಾಟಿದವರು. ಪರದೇಶದವರಿಗೆ ಪುಕ್ಕಟೆ ಭಾಷೆ ಕಲಿಸುವ ಹಿರಿಯರು ಅಲ್ಲಿ ಊರೂರಿಗೂ ಇದ್ದಾರೆ. ಕಲಿಸುವ ಕೇಂದ್ರ ಮುಚ್ಚಿದ ಮೇಲೂ ಅವರು ವಾರಕ್ಕೊಮ್ಮೆ ರೈಲು ಹತ್ತಿ ಬಂದು, ಗ್ಯೋಟೋಕು ಸ್ಟೇಷನ್ನಿನ ಕಾಫಿ ಅಂಗಡಿಯಲ್ಲಿ ವೀಣಾಳಿಗೆ ಪರೀಕ್ಷೆಯ ಪಾಠ ಹೇಳುತ್ತಿದ್ದರು.

"ಅಕ್ಕ, ಸೆನ್ಸೇ ಹತ್ರ ಒಂದು ಜರ್ಮನ್ ರಿಬ್ಬನ್ ಇದೆಯಂತೆ. ಅವರಮ್ಮಂದು. ನಿನ್ನ ವಿಷಯ ಹೇಳಿದೆ. ಒಂದ್ಸಲ ನೋಡಿಕೊಡ್ತಾರಾ ಅಂತ ಕೇಳಿದ್ರು."

ಜಪಾನಿನಲ್ಲಿ ಜರ್ಮನ್ ರಿಬ್ಬನ್ ಎಲ್ಲಿಂದ ಬಂತು ಎಂದು ನಾನು ಕೇಳಬೇಕಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಜಪಾನೀಯರು ಚೀನಾದ ತೀರದ ಜರ್ಮನ್ ಕೋಟೆಯೊಂದನ್ನು ಗೆದ್ದು, ಸಾವಿರಗಟ್ಟಲೆ ಸೈನಿಕರನ್ನು ಸೆರೆಹಿಡಿದು ತಂದಿದ್ದರು. ಅವರ ಶಿಬಿರಗಳಲ್ಲೊಂದು ಇದೇ ಚೀಬಾ ಸೀಮೆಯ ನರಾಶಿನೋದಲ್ಲಿತ್ತು. ಅಂಥ ಕೈದಿಯ ಪಟ್ಟಿಯೆಂದರೆ ನನ್ನಂಥವರ ಕೈಗೆ ಜನ್ಮಕ್ಕೊಮ್ಮೆ ಸಿಕ್ಕೀತು. ಭಯವನ್ನು ಸೆರಗಿಗೆ ಕಟ್ಟಿಕೊಂಡು ಹೊರಟೆ.

ತ್ಸುದಾನುಮಾ

ಸ್ಟೇಷನ್ನಿನಿಂದ ಒಂದಷ್ಟು ದೂರ ನಡೆದರೆ ಅವರ ಮನೆ. ಮೊರಿವಾಕಿ-ಸಾನ್ ತೆಳ್ಳಗೆ, ನೆಟ್ಟಗೆ ಇದ್ದರು. ಒಳಗೂ ಮಾಸ್ಕು ಹಾಕಿಕೊಂಡಿದ್ದರು. ಅವರ ಹೆಂಡತಿ ಬಾಗಿಲನ್ನು ಸರಿಸಿ, ಚಹಾ ಇಟ್ಟು, ಬಾಗಿಲು ಮುಚ್ಚಿಕೊಂಡು ಹೋದರು. ಹೊರಗೆ ಚಳಿಯಿತ್ತು. ಬಿಸಿಲಿನ ದೇಶದಿಂದ ಬಂದವಳು ನಡುಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಕೋಣೆಯ ನಡುವೆ ಎಣ್ಣೆಯ ಒಲೆ ಹಚ್ಚಿಟ್ಟಿದ್ದರು. ನನ್ನನ್ನು ಅವರು ಒನೇಸಾನ್ ಎಂದು ಕರೆದರು. ಅಕ್ಕ ಎಂದರ್ಥ. ಅಪ್ಪನ ವಯಸ್ಸಿನವರ ಬಾಯಲ್ಲಿ ಅಕ್ಕ ಎನಿಸಿಕೊಳ್ಳಲು ನಾಚಿಕೆಯಾಯಿತು.

ಅವರು ಹೇಳಿದ್ದನ್ನು ವೀಣಾ ಕನ್ನಡಕ್ಕೆ ತಂದು ಹೇಳುತ್ತ ಹೋದಳು. ಅವರ ತಾಯಿಯ ಅಪ್ಪ ಆ ಶಿಬಿರಕ್ಕೆ ತರಕಾರಿ ಹಾಕುತ್ತಿದ್ದರು. ಪುಟ್ಟ ಹುಡುಗಿಯಾಗಿದ್ದ ತಾಯಿ ಗಾಡಿಯ ಹಿಂದೆ ಹೋಗುತ್ತಿದ್ದಳು. ಬೇಲಿಯಾಚೆಯ ಒಬ್ಬ ಜರ್ಮನ್ ಆಕೆಗೆ ಈ ಪಟ್ಟಿ ಕೊಟ್ಟಿದ್ದ. ಯುದ್ಧ ಮುಗಿದ ಚಳಿಗಾಲದಲ್ಲಿ ಲೋಕಕ್ಕೆಲ್ಲ ಬಂದ ಜ್ವರ ಶಿಬಿರಕ್ಕೂ ಬಂತು. ಅವನು ಅದರಲ್ಲಿ ಸತ್ತನಂತೆ.

"ಅಮ್ಮ ಕಥೆ ಕಟ್ತಾಳೆ, ಯಾವುದೋ ಅಂಗಡೀಲಿ ತಗೊಂಡಿದ್ದು ಅಂತ ಸೆನ್ಸೇ ಅಣ್ಣಂದಿರು ನಗಾಡ್ತಿದ್ರಂತೆ," ಎಂದಳು ವೀಣಾ. "ಅಮ್ಮ ಹೇಳಿದ್ದು ನಿಜಾನಾ, ಅದೊಂದು ಗೊತ್ತಾದ್ರೆ ಸಾಕಂತೆ ಅವರಿಗೆ."

ಅವರು ಕರವಸ್ತ್ರ ಬಿಡಿಸಿದರು. ಮೂರು ರಿಬ್ಬನ್ನುಗಳ ಪುಟ್ಟ ಪಟ್ಟಿ. ಬಿಳಿ ಗೆರೆಗಳ ಕಿತ್ತಳೆ, ಒಂದು ನೀಲಿ, ಅಂಚಿನಲ್ಲಿ ಮೂರು ಬಣ್ಣವಿರುವ ಹಳದಿ. ನೇರಳೆ ಬೆಳಕಿನ ಟಾರ್ಚು ಹಿಡಿದೆ. ಈಚಿನ ದಾರವಾದರೆ ಆ ಬೆಳಕಿಗೆ ಹೊಳೆಯುತ್ತದೆ, ಇದು ಹೊಳೆಯಲಿಲ್ಲ. ಆದರೆ ಟಾರ್ಚಿಗೆ ಮೋಸ ಮಾಡುವ ದಾರಗಳೂ ಇವೆ. ನಕಲಿ ಮಾಡುವವರು ಚಹಾದಲ್ಲಿ ಅದ್ದುತ್ತಾರೆ, ಮಣ್ಣಿಗೆ ಉಜ್ಜುತ್ತಾರೆ. ಅದಕ್ಕೇ ನಾನು ಕೊನೆಗೆ ನಂಬುವುದು ಮೂಗನ್ನು. ಹಳೆ ಬಟ್ಟೆಗೊಂದು ವಾಸನೆಯಿದೆ, ಪೆಟ್ಟಿಗೆಯದು, ಅಂಟಿನದು, ತುಕ್ಕಿನದು. ಅಂಗಡಿಯಲ್ಲಿ ಹುಟ್ಟಿ ಬೆಳೆದ ಈ ಮೂಗು ಅದನ್ನು ತಪ್ಪಿದ್ದೇ ಇಲ್ಲ. ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಪಟ್ಟಿಯ ಬೆನ್ನನ್ನು ಮೂಗಿಗೆ ಒತ್ತಿಕೊಂಡು ಉಸಿರೆಳೆದೆ.

ಏನೂ ಇರಲಿಲ್ಲ. ಇನ್ನೊಮ್ಮೆ ಎಳೆದೆ. ತೊಳೆದ ತಟ್ಟೆಗಾದರೂ ಒಂದು ವಾಸನೆಯಿರುತ್ತದೆ, ಇದಕ್ಕೆ ಅದೂ ಇರಲಿಲ್ಲ.

"ಹೊಸದು ಕಣೆ," ಎಂದೆ. "ಈಚೆಗೆ ಯಾರೋ ಹೊಲಿದಿರೋದು. ನೂರು ವರ್ಷದ ಬಟ್ಟೆ ವಾಸನೆ ಇಲ್ಲದೆ ಇರಲ್ಲ."

"ಅಕ್ಕ, ಹೇಗೆ ಹೇಳಲಿ ಅವರಿಗೆ?"

"ಇದ್ದದ್ದು ಹೇಳು. ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ."

ವೀಣಾ ಹೇಳಿದಳು. ಬೆಲ್ಲ ಸವರಿಯೇ ಹೇಳಿರಬೇಕು. ಮೊರಿವಾಕಿ-ಸಾನ್ ತಲೆ ಆಡಿಸಿದರು. ಪಟ್ಟಿಯನ್ನು ಕೈಗೆ ತೆಗೆದುಕೊಂಡು, ತಮ್ಮ ಮಾಸ್ಕನ್ನೂ ಇಳಿಸಿ, ನನ್ನ ಹಾಗೆಯೇ ಅದನ್ನು ಮೂಗಿಗೆ ಹಿಡಿದರು. ನಾನು ಉಸಿರಾಡಿದ್ದ ಜಾಗಕ್ಕೇ ಅವರ ಮೂಗು ತಾಗಿತ್ತು. ಬಹಳ ಹೊತ್ತು ಹಾಗೇ ಇದ್ದರು.

"ತಪ್ಪು ತಿಳೀಬೇಡಿ, ನನಗೆ ಅಮ್ಮನ ಪೆಟ್ಟಿಗೆ ವಾಸನೆ ಬರ್ತಿದೆ ಅಂತಿದಾರೆ," ಎಂದಳು ವೀಣಾ.

ವಯಸ್ಸಾದವರು, ಆಸೆಗೆ ಹಾಗನ್ನಿಸುತ್ತದೆ ಎಂದು ನಾನು ಅಂದುಕೊಂಡೆ. ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡು ಎದ್ದೆ. ಗಂಡಹೆಂಡಿರಿಬ್ಬರೂ ನಾವು ತಿರುವಿನಲ್ಲಿ ಮರೆಯಾಗುವವರೆಗೆ ಗೇಟಿನಲ್ಲಿ ನಿಂತು ತಲೆಬಾಗುತ್ತಿದ್ದರು.

ತೋಜಾಯ್ ಲೈನ್

ವಾಪಸ್ಸು ರೈಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನನ್ನ ಪಕ್ಕದ ಸೀಟು ಖಾಲಿಯೇ ಉಳಿಯಿತು. ನಮ್ಮ ಮೆಜೆಸ್ಟಿಕ್ ಬಸ್ಸಿನಲ್ಲಾದರೆ ಇದೊಂದು ಭಾಗ್ಯ ಎಂದು ವೀಣಾಳಿಗೆ ಪಿಸುಗುಟ್ಟಿದೆ. ಅವಳು ತನ್ನ ಕೋಟಿನ ತೋಳು ಮೂಸಿ ಮುಖ ಕಿವುಚಿದಳು.

"ಥೂ, ಸೀಮೆಎಣ್ಣೆ ವಾಸನೆ ಹತ್ಕೊಂಡಿದೆ. ನಿನ್ನ ಶಾಲಂತೂ ಗಬ್ಬು ನಾರ್ತಿದೆ ಅಕ್ಕ. ಆ ಒಲೆಗೆ ಅಲ್ಲೇ ತಲೆ ಸಿಡೀತಿತ್ತು ನಂಗೆ."

"ಎಲ್ಲಿ ಸೀಮೆಎಣ್ಣೆ?" ಎಂದೆ.

ಶಾಲನ್ನು ಮೂಗಿಗೆ ಒತ್ತಿದೆ. ಏನೂ ಇಲ್ಲ. ವೀಣಾಳ ತೋಳನ್ನು ಎಳೆದು ಮೂಸಿದೆ. ಏನೂ ಇಲ್ಲ. ಕೈಚೀಲದಲ್ಲಿದ್ದ ಅಮೃತಾಂಜನದ ಮುಚ್ಚಳ ತೆಗೆದು ಮೂಗಿನ ಹೊಳ್ಳೆಗೇ ಹಿಡಿದೆ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಈ ರೋಗ ಬಂದವರ ಮೂಗು ಸತ್ತುಹೋಗುತ್ತದೆ ಎಂದು ಟಿವಿಯಲ್ಲಿ ಆಗಷ್ಟೇ ಹೇಳತೊಡಗಿದ್ದರು. ವೀಣಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಮೂಗು ನನ್ನದು ಕೆಟ್ಟಿತ್ತು, ತಪ್ಪನ್ನು ಪಟ್ಟಿಯ ಮೇಲೆ ಹಾಕಿ ಬಂದಿದ್ದೆ. ಅದಾದರೂ ಹೋಗಲಿ. ಮುಚ್ಚಿದ ಕೋಣೆಯಲ್ಲಿ ಆ ಮುದುಕರ ಎದುರು ಮಾಸ್ಕು ಇಳಿಸಿ ಕೂತಿದ್ದೆ. ನಾನು ಉಸಿರುಬಿಟ್ಟ ಬಟ್ಟೆಯನ್ನು ಅವರು ಮೂಗಿಗೆ ಒತ್ತಿಕೊಂಡಿದ್ದರು.

ಗ್ಯೋಟೋಕುವಿಗೆ ಒಂದು ಸ್ಟೇಷನ್ ಮೊದಲೇ, ಮ್ಯೋದೆನ್ನಿನಲ್ಲಿ ಇಳಿದುಬಿಟ್ಟೆವು. ಅಲ್ಲಿಂದ ಮನೆಗೆ ನಡೆದೇ ಹೋದೆವು, ಅವಳು ಮುಂದೆ, ನಾನು ಬಹಳ ಹಿಂದೆ. ಎದುರಿಗೆ ಮಗುವಿನ ಗಾಡಿ ತಳ್ಳಿಕೊಂಡು ಬಂದ ಹೆಂಗಸನ್ನು ಕಂಡು ನಾನು ರಸ್ತೆಯ ಆ ಬದಿಗೆ ಓಡಿದೆ.

ಆರು ಚಾಪೆಯ ಕೋಣೆ

ಅಲ್ಲಿ ಕೋಣೆಯನ್ನು ಚಾಪೆಯ ಲೆಕ್ಕದಲ್ಲಿ ಅಳೆಯುತ್ತಾರೆ. ನನ್ನದು ಆರು ಚಾಪೆಯದು. ಅದರ ಬಾಗಿಲು ಮುಚ್ಚಿಕೊಂಡೆ. ವೀಣಾ ಊಟವನ್ನು ಹೊರಗಿಟ್ಟು ಬಾಗಿಲು ಬಡಿದು ಹೋಗುತ್ತಿದ್ದಳು. ಸಾರು ಬಿಸಿನೀರಿನ ಹಾಗಿರುತ್ತಿತ್ತು. ಅವಳ ಮಗಳು ಇಶಾ ಬಾಗಿಲಾಚೆಯಿಂದ, "ದೊಡ್ಡಮ್ಮ, ದೈಜೋಬು?" ಎಂದು ಕೇಳುತ್ತಿದ್ದಳು. ಚೆನ್ನಾಗಿದ್ದೀಯಾ ಎಂದು. ಹೂಂ ಪುಟ್ಟಿ, ದೂರ ಹೋಗು ಎನ್ನುತ್ತಿದ್ದೆ.

ವೀಣಾ ಆ ಸಂಜೆಯೇ ಮೊರಿವಾಕಿ-ಸಾನ್‌ಗೆ ಫೋನು ಮಾಡಿದ್ದಳು. ಅವರು ಎಲ್ಲ ಕೇಳಿಸಿಕೊಂಡು, ತಿಳಿಯಿತು ಎಂದು, ಒನೇಸಾನ್ ಬೆಚ್ಚಗಿರಲಿ ಎಂದಷ್ಟೇ ಹೇಳಿದರಂತೆ. ಆರೋಗ್ಯ ಕೇಂದ್ರಕ್ಕೂ ಫೋನು ಮಾಡಿದಳು. ಜ್ವರ ಇದೆಯೇ ಎಂದು ಕೇಳಿದರು. ಇಲ್ಲ. ಹಾಗಾದರೆ ಸದ್ಯಕ್ಕೆ ಪರೀಕ್ಷೆ ಇಲ್ಲ, ಮನೆಯಲ್ಲೇ ಇರಿ. ಜ್ವರ ಬರಲಿ ಎಂದು ದೇವರಲ್ಲಿ ಬೇಡಬೇಕೋ, ಬಾರದಿರಲಿ ಎಂದು ಬೇಡಬೇಕೋ ನನಗೆ ತಿಳಿಯಲಿಲ್ಲ. ನನಗೆ ಜ್ವರ ಬರಲೇ ಇಲ್ಲ.

ಜ್ವರ ಬಂದದ್ದು ಮೊರಿವಾಕಿ-ಸಾನ್‌ಗೆ. ಅವರ ಹೆಂಡತಿ ವೀಣಾಳಿಗೆ ಫೋನು ಮಾಡಿ, ಕೆಮ್ಮು ಹೆಚ್ಚಾಗಿದೆ, ಆಸ್ಪತ್ರೆಯವರು ಬಂದು ಕರೆದುಕೊಂಡು ಹೋದರು, ನನ್ನನ್ನು ಜೊತೆಗೆ ಬಿಡಲಿಲ್ಲ ಎಂದರು. ಅಷ್ಟು ಹೇಳಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದರಂತೆ. ಇದನ್ನು ವೀಣಾ ಬಾಗಿಲಾಚೆಯಿಂದ ಹೇಳಿದಳು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಒಬ್ಬ ಮನುಷ್ಯನನ್ನು ಕೊಂದೆ ಎಂದುಕೊಂಡೆ. ಚಿಂದಿಗಾಗಿ ಕೊಂದೆ. ಕೊಲ್ಲುವ ಮೊದಲು ನಿನ್ನ ತಾಯಿ ಸುಳ್ಳಿ ಎಂದು ಬೇರೆ ಹೇಳಿ ಬಂದೆ.

ಆಮೇಲೆ ಪ್ರತಿ ಸಂಜೆ ಆಕೆಯಿಂದ ಒಂದು ಮೆಸೇಜು ಬರುತ್ತಿತ್ತು. ವೀಣಾ ಓದಿ ಹೇಳುತ್ತಿದ್ದಳು. ಇಂದೂ ಬದಲಾವಣೆ ಇಲ್ಲವೆಂದು ಆಸ್ಪತ್ರೆಯವರು ತಿಳಿಸಿದ್ದಾರೆ, ನಮ್ಮ ಅಂಗಳದಲ್ಲಿ ಹೂವು ಚೆನ್ನಾಗಿ ಬಿಟ್ಟಿದೆ, ತಾವು ಆರೋಗ್ಯ ನೋಡಿಕೊಳ್ಳಿ.

"ಹೂವಿನ ವಿಷಯ ಯಾಕೆ ಬರೀತಾರೆ?" ಎಂದು ಕೇಳಿದೆ.

"ಇಲ್ಲಿ ಹಾಗೇ ಅಕ್ಕ. ಕೆಟ್ಟದ್ದನ್ನೇ ಬರೆದರೆ ಓದೋರಿಗೆ ಭಾರ ಅಂತ."

"ಹಾಗಾದ್ರೆ ತೀರಿಕೊಂಡಿದ್ರೂ ಹೂವಿನ ವಿಷಯಾನೇ ಬರೀತಾರೇನೇ?"

ನಮ್ಮ ಕಡೆ ಸಾವಾದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಅಳು ಕೇಳಿಸುತ್ತದೆ. ಇಲ್ಲಿ ಪಕ್ಕದ ಗೋಡೆಯ ಆಚೆ ಏನಾದರೂ ತಿಳಿಯುವಂತಿಲ್ಲ. ಬೆಳಗ್ಗೆ ಎದ್ದ ಕೂಡಲೇ ಇಂಗಿನ ಡಬ್ಬಿ ಮೂಸುತ್ತಿದ್ದೆ. ಅದರಲ್ಲಿ ಏನೂ ಇರುತ್ತಿರಲಿಲ್ಲ. ಸಂಜೆಯಾದರೆ ಮೆಸೇಜಿಗೆ ಕಾಯುತ್ತಿದ್ದೆ. ಬಂದರೆ ನಂಬಿಕೆ ಬರುತ್ತಿರಲಿಲ್ಲ.

ಮಾಡಲು ಬೇರೇನೂ ಇರಲಿಲ್ಲ. ಫೋನಿನ ನಾಲ್ಕು ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತ ಕೂತೆ. ಮೂಗಿಲ್ಲದ ಮೇಲೆ ಕಣ್ಣಿಗಾದರೂ ಕೆಲಸ ಕೊಡಬೇಕಲ್ಲ. ಹಿಂದಿನ ತಗಡಿನ ಅಂಚಿನಲ್ಲಿ ತುಕ್ಕು ಹಿಡಿದಿತ್ತು. ಆ ತುಕ್ಕು ಬಟ್ಟೆಯ ಎಳೆಯೊಳಗೇ ಇಳಿದು, ಪಿನ್ನು ಕೂತ ಜಾಗದಲ್ಲಿ ದಾರವನ್ನು ತಿಂದುಹಾಕಿತ್ತು. ಚಹಾದ ಕಲೆ ಮೇಲೆ ಹರಡುತ್ತದೆ, ಒಳಗಿಂದ ತಿನ್ನುವುದಿಲ್ಲ. ಮುಂದಿನ ಬಣ್ಣ ಮಾಸಿದ್ದರೂ, ರಿಬ್ಬನ್ನು ತಗಡಿನ ಹಿಂದಕ್ಕೆ ಮಡಿಚಿದ ಕಡೆ ಕಿತ್ತಳೆ ಇನ್ನೂ ಹೊಸದಾಗಿ ಕಾಣುತ್ತಿತ್ತು. ಅಷ್ಟು ವರ್ಷ ಆ ಮಡಿಕೆಗೆ ಬೆಳಕೇ ತಾಗಿಲ್ಲ. ಇದನ್ನು ಯಾವ ನಕಲಿಯವನೂ ಮಾಡಲಾರ. ಇದನ್ನೆಲ್ಲ ಆ ದಿನವೇ ನೋಡಬಹುದಿತ್ತು. ನೋಡಲಿಲ್ಲ, ಮೂಸಿದೆ.

ಸಾಲನ್ನು ಓದಿದೆ. ಕೊನೆಯ ಹಳದಿ, ಚೀನಾದ ದಂಡಯಾತ್ರೆಗೆ ಹೋದವರದು. ನಡುವಿನ ನೀಲಿ, ಬಹುಕಾಲ ಸೇವೆ ಮಾಡಿದವರದು. ಎಲ್ಲಕ್ಕೂ ಮೊದಲಿನ ಕಿತ್ತಳೆ ಯುದ್ಧಕ್ಕೆ ಕೊಡುವುದೇ ಅಲ್ಲ. ಸಾಯುತ್ತಿದ್ದವರನ್ನು ತನ್ನ ಪ್ರಾಣ ಒತ್ತೆಯಿಟ್ಟು ಉಳಿಸಿದವನಿಗೆ ಕೊಡುವುದು. ಅವನ ಹೆಸರನ್ನು ಮೂರು ರಿಬ್ಬನ್ನಿನಿಂದ ಹೇಳಲಾಗದು, ಹೇಳಿದವರು ಸುಳ್ಳುಗಾರರು. ಆದರೆ ಆ ಶಿಬಿರದಲ್ಲಿ ಇರಬಹುದಾಗಿದ್ದ ಮನುಷ್ಯನದೇ ಅದು. ಪುಟ್ಟ ಹುಡುಗಿ ಹೇಳಿದ್ದು ನಿಜ.

"ವೀಣಾ," ಎಂದು ಬಾಗಿಲು ಬಡಿದೆ. "ಅದು ಅಸಲಿ. ಅವರಮ್ಮ ಸುಳ್ಳು ಹೇಳಿಲ್ಲ. ಈಗಲೇ ಬರಿ ಅವರ ಹೆಂಡತಿಗೆ. ಅವರಿಗೆ ತಲುಪಿಸ್ತಾರಾ ಕೇಳು."

"ಇಂಥ ಹೊತ್ತಲ್ಲಾ ಅಕ್ಕ?"

"ಇಂಥ ಹೊತ್ತಲ್ಲದೆ ಇನ್ಯಾವಾಗ? ಅವರು ಹೋದಮೇಲಾ?"

ಅವಳು ಬರೆದಳು. ನಾನು ಆರಾಮಾಗಿದ್ದೇನೆಂದೂ ಸೇರಿಸಿದಳು. ಆ ಸಂಜೆ ಮೆಸೇಜು ಬರಲಿಲ್ಲ. ಮರುದಿನವೂ ಬರಲಿಲ್ಲ. ಹೂವಿನ ವಿಷಯವಾದರೂ ಬರೆಯಬಾರದೇ ತಾಯಿ ಎಂದು ನಾನು ಗೋಡೆಯ ಕಡೆ ತಿರುಗಿ ಅತ್ತೆ. ಪ್ರಕಾಶ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತು, ಏನೇನೋ ಮಾತಾಡಿ ನನ್ನನ್ನು ಸಮಾಧಾನ ಮಾಡಲು ನೋಡಿದ. ಅವನು ಏನು ಹೇಳಿದನೋ ಒಂದೂ ನೆನಪಿಲ್ಲ.

ಫೋನು

ಅದಾದ ಮೇಲೆ ಒಂದು ಬೆಳಗ್ಗೆ ವೀಣಾ ಬಾಗಿಲು ಬಡಿಯದೆಯೇ ತೆರೆದಳು. ಮಾಸ್ಕು ಹಾಕಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ಕೈ ಚಾಚಿ ಹಿಡಿದಿದ್ದಳು. ಸಣ್ಣದಾಗಿ, ಮುರಿದು ಮುರಿದು ಒಂದು ದನಿ ಬರುತ್ತಿತ್ತು. ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಸೆನ್ಸೇ," ಎಂದಳು ವೀಣಾ. "ಆಸ್ಪತ್ರೆಯಿಂದಾನೇ. ಆಕ್ಸಿಜನ್ ತೆಗೆದರಂತೆ."

ಅವರು ಮಾತಾಡುತ್ತಲೇ ಇದ್ದರು. ವೀಣಾ ಮಧ್ಯೆ ಏನೋ ಹೇಳಲು ಹೋಗಿ ನಿಲ್ಲಿಸಿದಳು. ಅವಳ ಕಣ್ಣು ತುಂಬಿಕೊಂಡಿತು.

"ಏನಂತೆ? ಹೇಳೇ. ಪಟ್ಟಿ ವಿಷಯ ತಿಳೀತಾ ಅವರಿಗೆ?"

"ತಿಳೀತಂತೆ. ಥ್ಯಾಂಕ್ಸ್ ಹೇಳಿದ್ರು. ಆದ್ರೆ ಅದಲ್ಲ ಅಕ್ಕ. ಕ್ಷಮೆ ಕೇಳ್ತಿದಾರೆ."

"ಅವರು ಯಾಕೆ ಕೇಳ್ತಾರೆ?"

"ನಾವು ಅವರ ಮನೆಗೆ ಹೋಗೋ ಮುಂಚೆ, ಕಾಫಿ ಅಂಗಡೀಲಿ ಪಾಠ ಮಾಡ್ವಾಗ ಅವರಿಗೆ ಕೆಮ್ಮು ಇತ್ತಂತೆ. ಮರದ ಹೂಪುಡಿ ಗಾಳೀಲಿ ಹಾರೋ ಕಾಲ ಅಲ್ವಾ, ಎಲ್ಲರೂ ಕೆಮ್ತಾರೆ, ಅದೇ ಅಂದ್ಕೊಂಡು ಸುಮ್ನಿದ್ರಂತೆ. ಅಲ್ಲೇ ಅವರಿಂದ ನನಗೆ ಹತ್ತಿ, ನನ್ನಿಂದ ನಿನಗೆ ಬಂತು ಅಂತಿದಾರೆ." ವೀಣಾ ಮೂಗೊರೆಸಿಕೊಂಡಳು. "ನಂಗೂ ಆ ವಾರ ಗಂಟಲು ಕೆರೀತಿತ್ತು ಅಕ್ಕ. ನಾನೂ ಹೂಪುಡೀನೇ ಅಂದ್ಕೊಂಡೆ."

ಯಾರಿಂದ ಯಾರಿಗೆ ಬಂತು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಗೊತ್ತಾಗುವಂತೆಯೂ ಇಲ್ಲ. ಆಗ ಅದನ್ನು ಯೋಚಿಸುವಷ್ಟು ಬುದ್ಧಿಯೂ ನನ್ನಲ್ಲಿ ಉಳಿದಿರಲಿಲ್ಲ. ಫೋನಿನ ಆ ಸಣ್ಣ ದನಿ ಮತ್ತೆ ಏನೋ ಕೇಳಿತು, ಎರಡು ಸಲ ಕೇಳಿತು.

"ನೀನು ಆರಾಮಾಗಿದೀಯ ಅಂತ ನಾವು ಬರೆದಿದ್ದನ್ನ ಅವರು ನಂಬಿಲ್ಲವಂತೆ," ಎಂದಳು ವೀಣಾ. "ಅವರಿಗೆ ಭಾರ ಆಗದಿರಲಿ ಅಂತ ಮುಚ್ಚಿಡ್ತಿದೀವಿ ಅಂದ್ಕೊಂಡ್ರಂತೆ. ಮನೆಗೆ ಬಂದ ಅತಿಥೀನ ಕೊಂದುಬಿಟ್ಟೆ, ಅವರ ಊರಿಗೆ ಏನಂತ ಹೇಳಿ ಕಳಿಸ್ಲಿ ಅಂತ ದಿನಾ ಹೆದರ್ತಾ ಮಲಗಿದ್ರಂತೆ. ಒಂದೇ ಒಂದ್ಸಲ ನಿನ್ನ ದನಿ ಕೇಳಿಸು ಅಂತಿದಾರೆ."

ನನಗೆ ಜಪಾನಿಯಲ್ಲಿ ಕ್ಷಮಿಸಿ ಎನ್ನುವ ಸುಮಿಮಾಸೆನ್, ಧನ್ಯವಾದ ಎನ್ನುವ ಅರಿಗಾತೋ ಬಿಟ್ಟರೆ ಬೇರೇನೂ ಬಾರದು. ಎರಡೂ ಆ ಹೊತ್ತಿಗೆ ಸಾಲುವುದಿಲ್ಲ ಅನ್ನಿಸಿತು. ಫೋನಿನ ಕಡೆ ಬಗ್ಗಿದೆ.

"ಇದೀನಿ ಸರ್," ಎಂದೆ ಕನ್ನಡದಲ್ಲೇ. "ನಾನು ಬದುಕಿದೀನಿ."

ಆ ಕಡೆ ಎಂಬತ್ತು ದಾಟಿದ ಆ ಮನುಷ್ಯ ಅಳಲು ಶುರುಮಾಡಿದರು.